ಯಜಮಾನರನ್ನು ನಾನೇ ಬಂದ್ ಇಟ್ಟ ತಿಂಗಳು

ನಮ್ಮ ಯಜಮಾನರು ಲಗಮಪ್ಪ, ಬೈಲಹೊಂಗಲ ಕಡೆಯಿಂದ ದಾಂಡೇಲಿಗೆ ಬಂದು ಮೂವತ್ನಾಲ್ಕು ವರ್ಷ ಕಾಗದದ ಮಿಲ್ಲಿನ ಮಷಿನ್ ಮುಂದೆ ನಿಂತವರು. ರಿಟೈರಾದ ಮೇಲೂ ಹಾಲು ತರುವುದು, ನೀರು ತುಂಬುವುದು ಅವರದೇ. ಎರಡು ವರ್ಷದ ಹಿಂದೆ ಹಾಲಿಗೆಂದು ಹೋಗಿ ಹೂಕೋಸು ತಂದರು. ನಾನು ನಕ್ಕೆ. ಮಗಳ ಹೆಸರಿಗೆ ತಡವರಿಸಿದ ದಿನ ನಗು ಬರಲಿಲ್ಲ. ನಾಳೆ ನನ್ನನ್ನೂ ಮರೆತರೆ? ಧಾರವಾಡದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಬಿಡಿಸಿ ಹೇಳಿದರು: “ಇದಕ್ಕ ಅಲ್ಝೈಮರ್ ಅಂತಾರ್ರೀ ಸತ್ತೆವ್ವಾರ. ಮಿದುಳಿನ ಜೀವಕೋಶಕ್ಕ ಒತ್ತಡ ಬೀಳತೈತಿ. ಪ್ರೋಟೀನ್ ಸೊಟ್ಟ ಆಕ್ಕಾವ, ಅವನ್ನ ಹೊರಗ ಹಾಕೂ ಶಕ್ತೀನೂ ಕುಗ್ಗತೈತಿ. ಕಸ ಕೂಡಿ ಕೂಡಿ ಕೋಶ ಸೋಲ್ತಾವ.”

ನಾನು ಕಲಿತದ್ದು ಮೂರನೇ ಇಯತ್ತೆ. ಆದರೆ ಯಾರು ಏನು ಹೇಳಿದರೂ ಕಿವಿಗೊಟ್ಟು ಕೇಳುವವಳು ಎಂಬ ಸೊಕ್ಕು ದೊಡ್ಡದು. ಅವರು ಅರ್ಧ ಹೇಳುವಷ್ಟರಲ್ಲಿ ನನಗೆ ಪೂರಾ ತಿಳಿದುಹೋಯಿತು. ಮಿಲ್ ಕಾಲೋನಿಯ ಹೆಂಗಸಿಗೆ ಇದನ್ನು ಕಲಿಸಬೇಕೇ? ಮಷಿನಿನಲ್ಲಿ ಕಸ ಕೂಡಿದರೆ ಶಟ್‌ಡೌನ್ ಮಾಡಿ ತೊಳೆಯುತ್ತಾರೆ. ಔಷಧದ ಚೀಟಿ ಮಡಚಿಕೊಂಡು ಎದ್ದು ಬಂದೆ.

ಮರುದಿನದಿಂದ ಯಜಮಾನರಿಗೆ ಶಟ್‌ಡೌನ್. ಹಾಲು ನಾನೇ ತಂದೆ, ಕೊಡ ನಾನೇ ಹೊತ್ತೆ. ಅವರು ಎದ್ದರೆ ಸಾಕು, “ಕುಂದರ್ರಿ, ತಲಿ ಸ್ವಚ್ಛ ಆಗಾಕತ್ತೈತಿ,” ಎನ್ನುತ್ತಿದ್ದೆ.

“ನಾ ಎದ್ದಿದ್ದು ಸಂಡಾಸಕ್ಕ ಹೋಗಾಕ,” ಎಂದರು ಒಮ್ಮೆ.

ತಿಂಗಳು ತುಂಬುವುದರೊಳಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಮರೆತುಹೋಯಿತು. ಮತ್ತೆ ಧಾರವಾಡಕ್ಕೆ ಓಡಿದೆವು; ತಿಂಗಳಿಂದ ಯಾವ ಕೆಲಸವೂ ಇಲ್ಲದೆ ಕೂತಿದ್ದಾರೆ ಎಂದೆ.

“ಕೆಲಸ ಬಿಡಿಸಿದ್ದು ಯಾರು?” ಡಾಕ್ಟರಮ್ಮ ಕೇಳಿದರು.

“ನಾನ್ರೀ. ಮಷಿನ್ ತೊಳ್ಯಾಕ ಬಂದ್ ಇಡತಾರಲ್ರೀ, ಹಂಗ.”

“ಮಿದುಳು ಬಂದ್ ಇಟ್ಟು ತೊಳ್ಯಾಕ ಬರೂದಿಲ್ರೀ. ಅಡ್ಡ್ಯಾಡಬೇಕು, ಕೈಯಾಗ ಕೆಲಸ ಇರಬೇಕು, ನಿದ್ದಿ ಆಗಬೇಕು. ರೋಗ ಹೋಗೂದಿಲ್ಲ, ಇದ್ದದ್ದು ಒಂದಷ್ಟು ದಿನ ಉಳದೀತು. ಹೋದ ಸಲ ಇದನ್ನ ಹೇಳಾಕ ಹೋದ್ರ ‘ತಿಳೀತ್ರೀ, ತಿಳೀತು’ ಅಂತ ಎದ್ದ ಹೋದ್ರಿ!”

ಬಸ್ಸು ಹಳಿಯಾಳದಲ್ಲಿ ನಿಂತಾಗ ಇಳಿದು ಒಂದು ಚೀಲ ಶೇಂಗಾ ಕೊಂಡೆ.

ಈಗ ದಿನಾ ಒಂದು ಬುಟ್ಟಿ ಶೇಂಗಾ ಸುಲಿಯಲು ಅವರ ಮುಂದಿಡುತ್ತೇನೆ. ಮೊದಮೊದಲು ಕಾಳು ಚೆಲ್ಲಿ ಸಿಪ್ಪೆ ಉಳಿಸಿದರು. ಈಗ ಕಾಳೇ ಉಳಿಯುತ್ತದೆ. ಗುಂಡಿ ಹಾಕುವುದು ಮಾತ್ರ ತಿರುಗಿ ಬರಲಿಲ್ಲ, ನಾನೇ ಹಾಕುತ್ತೇನೆ.

ನಿನ್ನೆ ಸುಲಿಯುತ್ತ ಕೂತವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಬಾಯಾರ, ಸಾವಕಾಶ ಮಾತಾಡ್ರಿ. ನಮ್ಮಾಕಿ ಸತ್ತೆವ್ವ ಒಳಗ ಅದಾಳ. ಬಂದಳಂದ್ರ ಬುಟ್ಟಿ ಕಸಗೊಂತಾಳ.”

ನನ್ನ ಹೆಸರು, ನನ್ನ ಕೆಟ್ಟ ಗುಣ, ಎರಡೂ ಗಟ್ಟಿಯಾಗಿ ನೆನಪಿದ್ದವು. ಮುಖ ಮಾತ್ರ ಹೋಗಿತ್ತು.

“ಇಲ್ರೀ, ಆಕಿ ಇನ್ನ ಕಸಗೊಳ್ಳೂದಿಲ್ಲ,” ಎಂದು ಪಕ್ಕದಲ್ಲಿ ಕೂತು ನಾನೂ ಸುಲಿಯತೊಡಗಿದೆ.