ಕಂಬಕ್ಕೆ ಕಟ್ಟಿದ ಹಂಸ

ಕೆರೆ ದಂಡೆಯಲ್ಲಿ ಬೆಳಗಿನ ನಡಿಗೆಗೆ ಬರುವವರ ಮುಂದೆ ಸದ್ಯಕ್ಕೆ ಒಂದು ಗಹನವಾದ ಪ್ರಶ್ನೆಯಿದೆ: ಹಗ್ಗ ಬಿಚ್ಚದೆ ದೋಣಿ ತುಳಿಯುವ ಮನುಷ್ಯನಿಗೆ ತಲೆ ನೆಟ್ಟಗಿದೆಯೇ? ಈ ಕುರಿತು ಮಾತಿಗೆ ಮಾತು ಬೆಳೆದು, ನಿವೃತ್ತರಿಬ್ಬರು ಬೇರೆ ಬೇರೆ ಬೆಂಚಿನಲ್ಲಿ ಕೂರುವಂತಾಗಿದೆ.

ದೋಣಿಯಣ್ಣ ಮಾತ್ರ ಐದೂವರೆಗೇ ಬಂದು ಪ್ಲಾಸ್ಟಿಕ್ ಹಂಸದ ಹೊಟ್ಟೆಯಲ್ಲಿ ಕೂತಿದ್ದಾರೆ. ಪಕ್ಕದ ಸೀಟಿನಲ್ಲಿ ಹೆಂಡತಿ. ಹಂಸದ ಕತ್ತು ಕಟ್ಟೆಯ ಕಂಬಕ್ಕೆ ಬಿಗಿದಿದೆ. ಇಬ್ಬರೂ ಪೆಡಲ್ ತುಳಿಯುತ್ತಾರೆ. ಹಿಂದಿನ ಚಕ್ರ ಸೊಂಟದುದ್ದದ ಹಸಿರು ನೀರನ್ನು ಎತ್ತೆತ್ತಿ ಗಾಳಿಗೆ ಒಗೆಯುತ್ತದೆ. ದೋಣಿ ಗೇಣೂ ಕದಲುವುದಿಲ್ಲ.

"ಏನ್ ಯಜಮಾನ್ರೇ, ಎಲ್ಲೀವರೆಗೆ ಬಂತು ಸವಾರಿ?" ದಂಡೆಯಿಂದ ಯಾರೋ ಕೂಗುತ್ತಾರೆ.

"ಆರು ಗಂಟೆವರೆಗೆ ಬಂದಿದೀವಿ. ಬಿಸಿಲು ಮುಟ್ಟಿದ್ರೆ ಗೆದ್ದಂಗೆ."

ಮೂರು ದಿನದಿಂದ ಮೋಡ. ಚಕ್ರದ ಹಿಂದೆ ನೂರಾರು ಮೀನುಗಳು ಬಾಯಿ ಮೇಲೆತ್ತಿ ಉಸಿರಿಗೆ ಒದ್ದಾಡುತ್ತಿವೆ. ಬಿಸಿಲು ಬರುವವರೆಗೆ, ಚಕ್ರ ನೀರಿಗೆ ಬೆರೆಸುವ ಗಾಳಿಯಲ್ಲೇ ಅವು ಬದುಕಿರಬೇಕು.

"ಪಾಚಿ ಇದ್ಯಲ್ಲ, ಹಗಲು ಬಿಸಿಲಲ್ಲಿ ನೀರಿಗೆ ಉಸಿರು ಕೊಡುತ್ತೆ, ರಾತ್ರಿ ಕೊಟ್ಟಿದ್ದನ್ನೆಲ್ಲ ವಾಪಸ್ ಕಿತ್ಕೊಳ್ಳುತ್ತೆ. ಮೋಡ ಇದ್ರೆ ಕೊಡೋದು ಕಮ್ಮಿ, ಕಿತ್ಕೊಳ್ಳೋದು ಮಾತ್ರ ಅಷ್ಟೇ," ಎನ್ನುತ್ತಾರೆ ದೋಣಿಯಣ್ಣ.

"ನಿಮ್ಮಕ್ಕನ ಥರ," ಎನ್ನುತ್ತಾರೆ ಹೆಂಡತಿ.

ಮೂವತ್ತು ವರ್ಷದ ಹಿಂದೆ ಇಲ್ಲಿ ದೋಣಿಯಣ್ಣ ಬಾಡಿಗೆಗೆ ಬಿಡುವ ಹನ್ನೆರಡು ಹಂಸಗಳಿದ್ದವು. ಭಾನುವಾರ ಅವೂ ಸಾಲದೆ ಜನರ ಸಾಲು ಗೇಟು ದಾಟುತ್ತಿತ್ತು. "ನೀರು ಅಷ್ಟು ತಿಳಿ, ಒಳಗೆ ಚಪ್ಪಲಿ ಬಿದ್ರೆ ಎಡಗಾಲಿಂದೋ ಬಲಗಾಲಿಂದೋ ಅಂತ ಮೇಲಿಂದಾನೇ ಹೇಳ್ತಿದ್ದೆ," ಎನ್ನುವಾಗ ಅವರ ಕಾಲು ತಾನಾಗಿ ನಿಧಾನವಾಗುತ್ತದೆ. ಆಮೇಲೆ ಕೆರೆಗೆ ಚರಂಡಿ ನೀರು ಬಂತು, ಪಾಚಿ ಬಂತು, ಗಿರಾಕಿಗಳು ಮೂಗು ಮುಚ್ಚಿಕೊಂಡು ಹೋದರು. ಹನ್ನೊಂದು ಹಂಸಗಳು ಗುಜರಿ ಸೇರಿದವು.

"ಮದುವೆಯಾದ ಹೊಸದ್ರಲ್ಲಿ ಒಂದ್ಸಲ ಕೂರ್ಸಿ ಅಂದ್ರೆ, ಗಿರಾಕಿ ಕಾಯ್ತಿದಾರೆ ಅಂದ್ರು," ಎಂದು ಹೆಂಡತಿ ದೂರುತ್ತಾರೆ. "ಈಗ ದಿನಾ ಕರ್ಕೊಂಡ್ ಬರ್ತಾರೆ. ಮೂಗಿಗೆ ಸೆರಗು ಹಿಡ್ಕೊಂಡು ವಿಹಾರ!"

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೆರೆಯ ಮೀನುಗಳು ರಾಶಿರಾಶಿಯಾಗಿ ಹೊಟ್ಟೆ ಮೇಲಾಗಿ ತೇಲಿದವು. ಆ ಹೊತ್ತಿಗೆ ದೋಣಿಯಣ್ಣ ಚಕ್ರಕ್ಕೆ ಗ್ರೀಸ್ ಹಚ್ಚಿ, ಕಟ್ಟಿದ ದೋಣಿಯನ್ನೇ ತುಳಿದು ನೋಡುತ್ತಿದ್ದರು. "ಜೀವ ಇದ್ದವು ಅಷ್ಟೂ ಬಂದು ನನ್ನ ಬೆನ್ನಿಗೆ ನಿಂತ್ವು. ಹೆಂಗ್ ನಿಲ್ಲಿಸ್ಲಿ?"

ಅಂದಿನಿಂದ ನಿಲ್ಲಿಸಿಲ್ಲ. ಬೆಳಿಗ್ಗೆಗೆ ನಾಲ್ಕು ಸಾವಿರ ತುಳಿತ, ಎಣಿಸಿದವರು ಹೆಂಡತಿ. ಇಡೀ ಕೆರೆಗೆ ಇದು ಸಾಲದೆಂದು ಇಬ್ಬರಿಗೂ ಗೊತ್ತು, ಸಾಕಾಗುವುದು ಈ ಮೂಲೆಗಷ್ಟೇ. ದೋಣಿಯಣ್ಣನ ಆಸೆ ಸಣ್ಣದು: "ಒಂದಿನ ತಿರುಗಿ ನೋಡಿದ್ರೆ ಹಿಂದೆ ಒಂದು ಮೀನೂ ಇರಬಾರ್ದು. ಎಲ್ಲಾ ನಡುಕೆರೇಲಿ ಆಡ್ತಿರಬೇಕು."

ಆರೂಮುಕ್ಕಾಲಿಗೆ ಅವರ ಎಡಮಂಡಿ ಮುಷ್ಕರ ಹೂಡುತ್ತದೆ. ಚಕ್ರ ತಡವರಿಸಿದ್ದೇ ತಡ, ಎರಡು ಮೀನು ಮಗುಚುತ್ತವೆ.

"ಕಾಲು ತೆಗೀರಿ. ಗಿರಾಕಿ ಥರ ಸುಮ್ನೆ ಕೂತ್ಕೊಳ್ಳಿ," ಎಂದು ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಬ್ಬರೇ ತುಳಿಯತೊಡಗುತ್ತಾರೆ. ದೋಣಿಯಣ್ಣ ಕೂರುತ್ತಾರೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ದೋಣಿಯಲ್ಲಿ ಅವರ ಕಾಲಿಗೆ ಕೆಲಸವಿಲ್ಲ.

ಏಳು ಇಪ್ಪತ್ತಕ್ಕೆ ಮೋಡ ಸರಿದು ಬಿಸಿಲು ನೀರಿಗೆ ಬೀಳುತ್ತದೆ. ಎಂಟರ ಹೊತ್ತಿಗೆ ನೀರಿನ ಮೇಲಿದ್ದ ಬಾಯಿಗಳೆಲ್ಲ ಕೆಳಗಿಳಿದಿವೆ. ಸತ್ತದ್ದು ಒಂಬತ್ತು ಮೀನು.