ಹೊಸ ಜೋಡಿ ಹಿಂದಕ್ಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈರಕ್ಕ ತಮ್ಮ ಪಂಕ್ಚರ್ ಅಂಗಡಿ ಮುಂದಿನ ನೀರಿನ ತೊಟ್ಟಿಯ ಎದುರು ಕುಕ್ಕರಗಾಲಲ್ಲಿ ಕೂತು, ಟ್ಯಾಕ್ಸಿಯೊಂದರ ಟೈರನ್ನು ಮುಳುಗಿಸಿ ತಿರುಗಿಸುತ್ತಿದ್ದಾರೆ. ಗುಳ್ಳೆ ಏಳುತ್ತದೆ, ಅದೂ ಟೈರಿನ ಪಕ್ಕದ ಮೈಯಿಂದ. ಅವರು ಕೈ ಒರೆಸಿಕೊಂಡು ಏಳುತ್ತಾರೆ.

“ಇದು ಆಗಲ್ಲಪ್ಪ.”

“ಒಂದು ಪ್ಯಾಚ್ ಹಾಕ್ಬಿಡಕ್ಕ. ಸಂಜೆವರೆಗೆ ಓಡಿದ್ರೆ ಸಾಕು,” ಎಂದು ಟ್ಯಾಕ್ಸಿಯವನು ಗೋಗರೆಯುತ್ತಾನೆ.

“ಪಕ್ಕದಲ್ಲಿ ಕೊಯ್ದಿದ್ರೆ ಪ್ಯಾಚ್ ನಿಲ್ಲಲ್ಲ. ಸಂಜೆ ನೀನು ಮನೆ ಸೇರ್ತೀಯ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಸ್ಟೆಪ್ನಿ ಹಾಕ್ಕೊಂಡು ಹೋಗು.”

ಗೊಣಗುತ್ತಾ ಅವನು ಬೇರೆ ಅಂಗಡಿ ಹುಡುಕಿಕೊಂಡು ಹೋಗುತ್ತಾನೆ. ಬೆಳಗಿನ ಬೋಣಿ ಕೈತಪ್ಪಿತು. ಟೈರಕ್ಕನ ಬಾಯಿ ಜೋರು ಎಂದು ಬೀದಿಯವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ ಬಿಡಿ. ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಜಾತಿಯ ಟೈರ್ ತಂದು ಹಾಕಿ ಎಂದವರನ್ನೂ ಅವರು ಹೀಗೇ ವಾಪಸ್ ಕಳಿಸುತ್ತಾರೆ.

ಅಂಗಡಿ ಅವರ ಯಜಮಾನರದು. ಈಗ ಯಜಮಾನರು ಒಳಗಿನ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಸ್ಪಾನರ್ ಮುಟ್ಟುವುದಿಲ್ಲ. ಕಾರಣ ಬೀದಿಗೆಲ್ಲ ಗೊತ್ತು, ಅವರೆದುರು ಯಾರೂ ಎತ್ತುವುದಿಲ್ಲ. ಇದ್ದೊಬ್ಬ ಮಗಳ ಕಾರಿಗೆ ಅವರೇ ಎರಡು ಹೊಸ ಟೈರ್ ಹಾಕಿಕೊಟ್ಟಿದ್ದರು. ಹಾಕಿದ್ದು ಮುಂದಕ್ಕೆ. ಅವರ ಗುರು ಕಲಿಸಿದ್ದೇ ಹಾಗೆ, ಅವರು ನಾಲ್ಕು ಜನಕ್ಕೆ ಕಲಿಸಿದ್ದೂ ಹಾಗೇ: ಸ್ಟೇರಿಂಗ್ ಮುಂದೆ, ಎಂಜಿನ್ ಮುಂದೆ, ಹೊಸದು ಮುಂದೆ. ಮೊದಲ ಮಳೆಗೆ ತಿರುವಿನಲ್ಲಿ ಸವೆದ ಹಿಂದಿನ ಜೋಡಿ ಜಾರಿತು. ಕಾರು ಬುಗುರಿಯಂತೆ ತಿರುಗಿ, ಮಗಳು ಕೂತಿದ್ದ ಬದಿಯೇ ಮರಕ್ಕೆ ಬಡಿಯಿತು. ಅಳಿಯ ಬದುಕಿದರು. ಅವತ್ತು ಮಗಳ ಕೂಸು ಟೈರಕ್ಕನ ಮಡಿಲಲ್ಲಿತ್ತು.

“ಮುಂದಿನದು ಜಾರಿದ್ರೆ ಕೈಗೆ ಗೊತ್ತಾಗುತ್ತೆ. ಹಿಂದಿನದು ಜಾರಿದ್ರೆ, ಗೊತ್ತಾಗೋ ಹೊತ್ತಿಗೆ ಗಾಡೀನೇ ತಿರುಗಿರುತ್ತೆ,” ಎನ್ನುತ್ತಾರೆ ಟೈರಕ್ಕ. “ಇದು ನಮಗೆ ಗೊತ್ತಾಗಿದ್ದು ಅವಳು ಹೋದ ಮೇಲೆ.”

ಅಳಿಯನ ಕಿವಿಗೆ ಬಿದ್ದದ್ದು ಒಂದೇ ಮಾತು: ಮಾವ ಹಾಕಿದ ಟೈರ್. ಮುಂದಿನದೋ ಹಿಂದಿನದೋ ಎಂದು ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮಗುವನ್ನು ಎತ್ತಿಕೊಂಡು ಹೋದವರು ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ.

ಆದರೆ ಈಗ ಆ ಮಗುವಿನ ಶಾಲೆಯ ದಾರಿ ಇದೇ. ಬೆಳಗ್ಗೆ ಅಳಿಯನ ಕಾರು ಅಂಗಡಿಯೆದುರಿನ ಸಿಗ್ನಲ್‌ನಲ್ಲಿ ನಿಲ್ಲುತ್ತದೆ, ಹಿಂದಿನ ಸೀಟಿನಲ್ಲಿ ಮೊಮ್ಮಗಳು. ಟೈರಕ್ಕ ಕಣ್ತುಂಬ ನೋಡುತ್ತಾರೆ, ಆಮೇಲೆ ಟೈರ್ ನೋಡುತ್ತಾರೆ. ಕಳೆದ ವಾರ ನೋಡಿದರೆ, ಯಾವನೋ ಪುಣ್ಯಾತ್ಮ ಮುಂದಕ್ಕೆ ಹೊಸ ಜೋಡಿ ಹಾಕಿದ್ದ. ಹಿಂದಿನವು ಬೋಳು. ಆಕಾಶದಲ್ಲಿ ಮೋಡ.

ಊರಿಗೆಲ್ಲ ಬುದ್ಧಿ ಹೇಳುವ ಆ ಬಾಯಿ ಎರಡು ದಿನ ಕಟ್ಟಿಹೋಯಿತು. ಮೂರನೆಯ ದಿನ ಅವರು ರಸ್ತೆಗಿಳಿದು ಕಾರಿನ ಗಾಜು ತಟ್ಟಿದರು. ಗಾಜು ಬೆರಳಷ್ಟು ಇಳಿಯಿತು.

“ನಿಮ್ಮ ಕೋಪ ನಮ್ಮ ಮೇಲೇ ಇರ್ಲಿ. ಹೊಸ ಜೋಡಿ ಹಿಂದಕ್ಕೆ ಹಾಕ್ಸಿ. ನಮ್ಮಲ್ಲಿ ಬೇಡ, ಎಲ್ಲಾದ್ರೂ ಹಾಕ್ಸಿ.”

ಗಾಜು ಏರಿತು, ಕಾರು ಹೋಯಿತು.

ಮರುದಿನ ಸಿಗ್ನಲ್ ಹಸಿರಾದರೂ ಕಾರು ಮುಂದೆ ಹೋಗಲಿಲ್ಲ. ಮೆಲ್ಲಗೆ ತಿರುಗಿ ಅಂಗಡಿ ಮುಂದೆ ನಿಂತಿತು. ಅಳಿಯ ಇಳಿದು, ಬೆನ್ನು ತಿರುಗಿಸಿ, ರಸ್ತೆ ನೋಡುತ್ತಾ ನಿಂತರು. ಕಾರಿಗೆ ಜಾಕ್ ಕೊಡುವಾಗ ಒಳಗೆ ಯಾರೂ ಕೂರುವಂತಿಲ್ಲ. ಹಾಗಾಗಿ ಮಗುವೂ ಇಳಿಯಿತು. ಇಳಿದು ಟೈರಕ್ಕನ ಪಕ್ಕದಲ್ಲೇ ಕುಕ್ಕರಿಸಿತು.

“‘ಯಾರು ನೀವು?’ ಅಂತ ಕೇಳ್ತು,” ಎನ್ನುತ್ತಾರೆ ಟೈರಕ್ಕ. “ಟೈರ್ ಹಾಕೋಳು ಅಂದೆ. ಮುಟ್ಟೋಣ ಅಂದ್ರೆ ಕೈಯೆಲ್ಲ ಮಸಿ.”

ಒಳಗೆ ಯಜಮಾನರು ಆಗಲೂ ಗೋಡೆಗೆ ಮುಖ ಮಾಡಿಯೇ ಕೂತಿದ್ದರಂತೆ. ಹೊಸ ಜೋಡಿ ಹಿಂದಕ್ಕೆ ಹಾಕಿಸಿಕೊಂಡು ಕಾರು ಹೋದ ಮೇಲೆ ಕೇಳಿದ್ದು ಇಷ್ಟೇ, ಮಗು ಎಷ್ಟೆತ್ತರ ಆಗಿದೆ.

ಅಳಿಯ ಮತ್ತೆ ಬರುತ್ತಾರೆಯೇ?

“ಬರ್ಬಹುದು,” ಎನ್ನುತ್ತಾರೆ ಅವರು. “ಟೈರ್ ಅಂದ್ಮೇಲೆ ಸವೀಲೇಬೇಕಲ್ಲ.”