ಸರ್ಕಾರದ್ದಲ್ಲದ ಓಣಿ

ಹಲಸೂರಿನ ನಮ್ಮ ಮನೆಗೆ ಬರುವ ಓಣಿ ಯಾರದು ಎಂದು ನಾನು ಮದುವೆಯಾಗಿ ಬಂದಂದಿನಿಂದ ಯೋಚಿಸಿದವಳೇ ಅಲ್ಲ. ದಿನಾ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುವವಳಿಗೆ ನೆಲ ಯಾರದಾದರೇನು? ಹಿಂದೆ ಅದೆಲ್ಲ ಒಂದೇ ಕಾಂಪೌಂಡಾಗಿತ್ತಂತೆ. ಮಾಲೀಕರ ಮಕ್ಕಳು ನಾಲ್ಕು ನಿವೇಶನ ಮಾಡಿ ಮಾರಿದಾಗ ನಾಲ್ವರಿಗೂ ಓಡಾಡಲು ಬಿಟ್ಟ ದಾರಿಯೇ ಈ ಓಣಿ. ಒಂದು ಆಟೊ ನುಗ್ಗುವಷ್ಟು ಅಗಲ. ಕೊನೆಯ ಮನೆ ನಮ್ಮದು. ರಸ್ತೆಯ ಮೂಲೆಗಿರುವ ಮನೆಯಾಕೆಯನ್ನು ನಾನು ಅಕ್ಕ ಎನ್ನುತ್ತೇನೆ. ಶುಕ್ರವಾರದ ಭಜನೆಗೆ ನಾವಿಬ್ಬರೂ ಒಟ್ಟಿಗೆ ಹೋಗುವವರು.

ನನ್ನ ಯಜಮಾನರಿಗೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಇಂದಿರಾನಗರದ ಕಡೆ ಡಯಾಲಿಸಿಸ್‌ಗೆ ಹೋಗಬೇಕು. ಹೋಗುವಾಗ ಹೇಗೋ ನಡೆಯುತ್ತಾರೆ, ಬರುವಾಗ ಮೈಯೆಲ್ಲ ಹಿಂಡಿ ಒಣಗಿಸಿದ ಬಟ್ಟೆಯಂತೆ ಇರುತ್ತಾರೆ. ಆಟೊ ಬಾಗಿಲವರೆಗೆ ಬರುವುದೇ ನಮಗೆ ದೊಡ್ಡ ಆಸರೆ. ಆ ಆಸರೆಯನ್ನು ತಪ್ಪಿಸಿದ್ದು ಅಕ್ಕನ ಮಗ ಕೊಂಡ ಕಾರು. ಮನೆ ಕಟ್ಟಿಸುವಾಗ ಕಾರು ನಿಲ್ಲಿಸುವ ಜಾಗದಲ್ಲಿ ಅಂಗಡಿ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಕಾರು ಬಂದ ಮೇಲೆ ಅದನ್ನು ಓಣಿಯ ಬಾಯಲ್ಲೇ, ಗೋಡೆಗೆ ಒರಗಿಸಿ ನಿಲ್ಲಿಸತೊಡಗಿದ. ಆ ಕಡೆ ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು ಸಂದು ಉಳಿಯಿತು.

ಡಯಾಲಿಸಿಸ್ ಮುಗಿಸಿ ಬಂದ ದಿನ ನಾನೂ ಆಟೊದವನೂ ಇವರನ್ನು ರಸ್ತೆಯಲ್ಲಿ ಇಳಿಸಿ, ಕಾರಿನ ಮೇಲೆ ಕೈ ಊರಿಸಿ ಆ ಸಂದಿನಲ್ಲಿ ದಾಟಿಸಿ, ಆಚೆ ಇಟ್ಟಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮನೆಯವರೆಗೆ ಹೊತ್ತು ತರುವುದು. ಆಟೊದವನು ಶಿವಾಜಿನಗರದ ಸಾಬರ ಹುಡುಗ. ಒಂದು ಸಲವೂ ಮುಖ ಗಂಟಿಕ್ಕಲಿಲ್ಲ. ಅದು ದೇವರು ಕೊಟ್ಟದ್ದು, ಇಲ್ಲವೆನ್ನಲಾರೆ.

ಅಕ್ಕನ ಮಗನಿಗೆ ಹೇಳಿದೆ. "ಆಂಟಿ, ಇದು ರೋಡಲ್ಲ, ನಮ್ಮ ಜಾಗ. ನೋ ಪಾರ್ಕಿಂಗ್ ಬೋರ್ಡ್ ಎಲ್ಲಿದೆ ತೋರ್ಸಿ?" ಎಂದ. ಅದೇ ಓಣಿಯಲ್ಲಿ ತನ್ನ ಹೆಂಡತಿಗೆ ಲೈಸೆನ್ಸ್ ಇಲ್ಲದೆ ಕಾರು ಕಲಿಸುತ್ತಿದ್ದ. ಆಕೆ ಒಂದು ದಿನ ಕಾರು ತಾಗಿಸಿ ನನ್ನ ತುಳಸಿಕಟ್ಟೆಯ ಮೂಲೆ ಮುರಿದಳು. "ನಮ್ಮ ಜಾಗದಲ್ಲಿ ಲೈಸೆನ್ಸ್ ಯಾಕೆ ಆಂಟಿ?" ಎಂದಳು ಅವಳೂ. ನಮ್ಮ ಜಾಗ ಎಂದರೆ ಅವರದ್ದು ಮಾತ್ರ ಎಂದು ಯಾವಾಗ ಆಯಿತೋ ತಿಳಿಯದು.

ಮೂಲೆಯ ಸಿಗ್ನಲ್‌ನಲ್ಲಿ ನಿಲ್ಲುವ ಟ್ರಾಫಿಕ್ ಕಾನ್‌ಸ್ಟೇಬಲ್‌ ಬಳಿ ಹೋದೆ. ಒಳ್ಳೆಯ ಮನುಷ್ಯ. ಓಣಿಯ ಬಾಯವರೆಗೆ ಬಂದು ಒಳಗೆ ಇಣುಕಿ, "ಇದು ಪ್ರೈವೇಟ್ ಅಲ್ವಾಮ್ಮಾ? ನಾವು ಒಳಗೆ ಬಂದು ಎತ್ತಕ್ಕಾಗಲ್ಲ. ಸ್ಟೇಷನ್‌ಗೆ ಕೊಡಿ" ಎಂದ. ಸ್ಟೇಷನ್ನಿನಲ್ಲಿ, "ಇದು ಸಿವಿಲ್ ಮ್ಯಾಟರು, ಕಾರ್ಪೊರೇಷನ್‌ಗೆ ಹೋಗಿ." ಕಾರ್ಪೊರೇಷನ್ನಿನಲ್ಲಿ ಟೇಬಲ್ಲಿನ ಹಿಂದಿದ್ದವರು ನನ್ನ ಮಾತು ಮುಗಿಯುವ ಮೊದಲೇ, "ಈ ರಸ್ತೆ ನಮ್ ಲೆಕ್ಕದಲ್ಲೇ ಇಲ್ಲ ಮೇಡಂ. ಕೋರ್ಟ್‌ಗೆ ಹೋಗಿ" ಎಂದರು. ನಾವು ಅಲ್ಲಿ ಇಷ್ಟು ವರ್ಷ ಬದುಕಿದ್ದೇವೆ, ತೆರಿಗೆ ಕಟ್ಟಿದ್ದೇವೆ, ಲೆಕ್ಕದಲ್ಲೇ ಇಲ್ಲವಂತೆ.

ಕೊನೆಗೆ ನಾದಿನಿಗೆ ಪರಿಚಯದ ವಕೀಲರೊಬ್ಬರನ್ನು ಕಂಡೆವು. ಅವರು ನಮ್ಮ ಕ್ರಯಪತ್ರ ನೋಡಿ, ಓಣಿಯ ನೆಲ ಯಾರ ಹೆಸರಿನಲ್ಲಿದ್ದರೂ ನಾಲ್ಕು ಮನೆಯವರಿಗೂ ಓಡಾಡುವ ಹಕ್ಕಿದೆ, ಅದಕ್ಕೆ ಅಡ್ಡ ಮಾಡುವಂತಿಲ್ಲ, ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು ಎಂದರು. ಲೈಸೆನ್ಸ್ ವಿಷಯ ಕೇಳಿದ್ದಕ್ಕೆ ನಕ್ಕರು. ಜನ ಹಕ್ಕಿನಿಂದ ಓಡಾಡುವ ಜಾಗ ಖಾಸಗಿಯಾಗಿದ್ದರೂ ವಾಹನದ ಕಾನೂನಿಗೆ ಅದು ಸಾರ್ವಜನಿಕ ಜಾಗವೇ ಎಂದು ವಾದಿಸಬಹುದು ಎಂದರು. ಹಾಗಾದರೆ ಪೊಲೀಸರಿಗೇಕೆ ಕಾಣುವುದಿಲ್ಲ ಎಂದೆ. "ಅದನ್ನೇ ನಾವು ವಾದ ಅನ್ನೋದು" ಎಂದರು. ಹೊರಡುವಾಗ ಎಚ್ಚರಿಸಿದರು: "ಸಿಟ್ಟಿನಲ್ಲಿ ಕಾರಿನ ಗಾಳಿಗೀಳಿ ಬಿಟ್ಟೀರಿ, ಆಗ ಕೇಸು ನಿಮ್ಮ ಮೇಲೇ ಬರುತ್ತೆ."

ಯಜಮಾನರು ಕೋರ್ಟು ಬೇಡವೆಂದರು. "ಭಜನೇಲಿ ಪಕ್ಕದಲ್ಲಿ ಕೂತ್ಕೊಳ್ಳೋರ ಮೇಲೆ ಕೇಸು ಹಾಕ್ತೀಯೇನೇ?" ನಾನೂ ಸುಮ್ಮನಾದೆ. ದೇವರ ಮುಂದೆ ನಿಂತು, ಸಂದಿನಲ್ಲಿ ದಾಟುವಷ್ಟು ಕಾಲಿನ ಶಕ್ತಿ ಇವರಿಗೆ ಉಳಿಸು ಎಂದಷ್ಟೇ ಬೇಡಿಕೊಂಡೆ.

ಆಯುಧಪೂಜೆಗೆ ಹಿಂದಿನ ದಿನ ಅಕ್ಕ ಬಂದು, "ಕಾರಿಗೆ ಮೊದಲನೇ ಪೂಜೆ. ಹೊರಗಡೆ ರೋಡಲ್ಲಿ ಮಾಡೋಣ ಅಂದ್ರೆ ಟ್ರಾಫಿಕ್ಕು. ಇಲ್ಲೇ ಮಾಡ್ಲಾ?" ಎಂದಳು. ಮರುದಿನ ಇವರಿಗೆ ಡಯಾಲಿಸಿಸ್ ಇತ್ತು. ಆ ಮಷೀನಿಗೆ ಹಬ್ಬ ಗೊತ್ತಿಲ್ಲ. ಆದರೆ ಪೂಜೆ ಎಂದ ಮೇಲೆ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ ಗುಡಿಗೆ ಒಂದು ಸುತ್ತು ಹೋಗಿಬರುತ್ತಾರೆ, ಓಣಿ ಬೆಳಿಗ್ಗೆಯೇ ಖಾಲಿಯಾಗುತ್ತದೆ ಎಂದುಕೊಂಡೆ. "ಮಾಡಿ ಅಕ್ಕ, ರಂಗೋಲಿ ನಾನೇ ಬಿಡ್ತೀನಿ" ಎಂದೆ. ಬಿಟ್ಟೆ ಕೂಡ, ಬಣ್ಣ ತುಂಬಿ.

ಪೂಜೆ ಚೆನ್ನಾಗಿಯೇ ಆಯಿತು. ಕಾರಿಗೆ ಸೇವಂತಿಗೆ ಹಾರ, ಗಾಜಿಗೆ ಕುಂಕುಮ, ಎರಡೂ ಪಕ್ಕಕ್ಕೆ ಆಳೆತ್ತರದ ಬಾಳೆಕಂದು. ಬೂದುಗುಂಬಳ ಒಡೆದರು. ಕಾರು ನಿಂಬೆಹಣ್ಣಿನ ಮೇಲೆ ಅಷ್ಟು ಮುಂದೆ ಬಂದು ಅಲ್ಲೇ ನಿಂತಿತು. ಮಗ ಕೀಲಿಯನ್ನು ಅಮ್ಮನ ಕೈಗೆ ಕೊಟ್ಟು, ಸ್ನೇಹಿತನ ಬೈಕ್ ಹತ್ತಿ ಗರುಡಾಚಾರ್‌ಪಾಳ್ಯದಲ್ಲಿರುವ ತನ್ನ ಫ್ಯಾಕ್ಟರಿಯ ಪೂಜೆಗೆ ಹೋದ. ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಆಟೊ ರಸ್ತೆಯಲ್ಲಿ ಬಂದು ನಿಂತಿತು. ನಮ್ಮ ಸಂದಿನಲ್ಲಿ ಬಾಳೆಕಂದು ನಿಂತಿತ್ತು.

"ಅಕ್ಕ, ಕಾರು ಸ್ವಲ್ಪ ತೆಗೆಸಿ" ಎಂದೆ.

"ತೆಗೆಯೋದಾ? ಪೂಜೆ ಆಗಿದೆ ಕಣ್ರೀ! ಕೀ ದೇವರ ಮುಂದೆ ಇಟ್ಟಿದೀನಿ. ನಾಳೆ ಬೆಳಿಗ್ಗೆವರೆಗೂ ಮುಟ್ಟೋಹಂಗಿಲ್ಲ."

"ಇವರಿಗೆ ಹೊತ್ತಾಯ್ತು ಅಕ್ಕ. ತಪ್ಪಿಸಿದ್ರೆ ಉಸಿರು ಕಟ್ಟುತ್ತೆ."

"ಪೂಜೆಗಿಟ್ಟ ಆಯುಧ ಅವತ್ತು ಮುಟ್ಬಾರ್ದು ಅಂತ ನೀವೇ ಅಲ್ವಾ ಭಜನೇಲಿ ಎಲ್ಲರಿಗೂ ಹೇಳೋದು? ನಿಮ್ಮ ಬಾಯಲ್ಲೇ ಕೇಳಿ ನಾನು ಇಟ್ಟಿದ್ದು."

ನಿಜ, ನಾನೇ ಹೇಳುವುದು. ನಮ್ಮ ಮನೆಯಲ್ಲಿ ಆ ದಿನ ಕತ್ತರಿ, ಈಳಿಗೆಮಣೆ, ತೆಂಗಿನಕಾಯಿ ಒಡೆಯುವ ಮಚ್ಚು ಎಲ್ಲ ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿರುತ್ತವೆ. ತರಕಾರಿ ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುವವಳು ನಾನು. ಅಕ್ಕನ ಹೆದರಿಕೆಯೂ ಸುಳ್ಳಲ್ಲ. ಅವಳ ಗಂಡ ತೀರಿಕೊಂಡದ್ದು ರಸ್ತೆಯಲ್ಲೇ. ಅಂದಿನಿಂದ ಮಗ ಗಾಡಿ ಹತ್ತಿದರೆ ಬಾಗಿಲಲ್ಲೇ ನಿಂತಿರುತ್ತಾಳೆ. ಅವಳ ಮೇಲೆ ಕೂಗಾಡಲು ನನಗೆ ಬಾಯಿ ಬರಲಿಲ್ಲ. ಆದರೆ ನನ್ನ ಗಂಡ ಹಿಂದೆ ಗೋಡೆ ಹಿಡಿದು ನಿಂತಿದ್ದರು. ಪಾದ ಊದಿ ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ.

ಆಟೊದವನು ಕಾರಿನ ಆಚೆಯಿಂದ ಕೂಗಿದ: "ಅಮ್ಮಾ, ಎತ್ಕೊಂಡು ಮೇಲಿಂದ ದಾಟಿಸ್ಲಾ ಸಾಹೇಬ್ರನ್ನ?"

"ನಾನೇನು ಅಕ್ಕಿ ಮೂಟೇನಾಪ್ಪಾ?" ಎಂದರು ಇವರು, ಅಷ್ಟು ಸುಸ್ತಿನಲ್ಲೂ.

ನಾನು ಒಳಗೆ ಹೋದೆ. ದೇವರ ಮುಂದೆ ಕೂತಿದ್ದ ಮಚ್ಚಿಗೆ ಕೈಮುಗಿದು ಎತ್ತಿಕೊಂಡೆ. ಅಕ್ಕ ನೋಡುತ್ತಿರುವಾಗಲೇ ಸಂದಿನ ಕಡೆಯ ಬಾಳೆಕಂದನ್ನು ಬುಡಕ್ಕೆ ಕಡಿದೆ. ಹಸಿ ಕಂದು, ಎರಡೇಟಿಗೆ ಒರಗಿತು. ಅವಳು "ಅಯ್ಯೋ!" ಎಂದಳು. "ನಿಮ್ಮ ಕಾರು ಮುಟ್ಟಿಲ್ಲ ಅಕ್ಕ. ಮುಟ್ಟಿದ್ದು ನನ್ನ ಮನೆ ಮಚ್ಚು. ದೋಷ ಬಂದ್ರೆ ನನಗೆ ಬರ್ಲಿ" ಎಂದೆ. ಸೀರೆಗೆ ಬಾಳೆಯ ಕರೆ ಆಯಿತು. ಇವರು ಓರೆಯಾಗಿ, ಸೇವಂತಿಗೆ ಹಾರಕ್ಕೆ ಕೈ ತಾಗದಂತೆ ಕಾರನ್ನು ಹಿಡಿದು ದಾಟಿದರು.

ಆಸ್ಪತ್ರೆಯಲ್ಲಿ ತಡವಾಯಿತೆಂದು ಬೈಸಿಕೊಂಡು, ಮಷೀನಿನ ಪಕ್ಕ ಕೂತು, ನಾನು ಇಡೀ ಹೊತ್ತು ಹಿಂದಿರುಗುವುದನ್ನೇ ಯೋಚಿಸುತ್ತಿದ್ದೆ. ಹೋಗುವಾಗಲೇ ಅಷ್ಟು ಸೋತಿದ್ದವರಿಗೆ ಈ ಸಲ ಬರುವಾಗ ಓರೆಯಾಗಿ ನಿಲ್ಲಲೂ ಆಗದು. ಹೊತ್ತು ದಾಟಿಸಲು ಸಂದು ಸಾಲದು. ರಸ್ತೆ ಬದಿ ಕೂರಿಸಿಕೊಂಡು ಮಗನ ದಾರಿ ಕಾಯಬೇಕೇ?

ಸಂಜೆ ಓಣಿಯ ಹತ್ತಿರ ಬಂದರೆ ದಾರಿ ಖಾಲಿ! ಕಾರು ಹೊರಗೆ ದೊಡ್ಡ ರಸ್ತೆಯಲ್ಲಿ, ನೋ ಪಾರ್ಕಿಂಗ್ ಬೋರ್ಡಿನ ಬುಡದಲ್ಲಿ ಹಾರ ಹಾಕಿಕೊಂಡು ನಿಂತಿತ್ತು. ಮುಂದಿನ ಚಕ್ರಕ್ಕೆ ಪೊಲೀಸರ ಹಳದಿ ಬೀಗ ಬಿದ್ದಿತ್ತು. ಪಕ್ಕದಲ್ಲಿ ಅಕ್ಕ, ಮಗ, ಅದೇ ಕಾನ್‌ಸ್ಟೇಬಲ್. ನನ್ನನ್ನು ಕಂಡದ್ದೇ ಅಕ್ಕ ಆಟೊದ ಹತ್ತಿರ ಬಂದಳು.

"ನೋಡಿ! ನಿಮ್ಮ ಯಜಮಾನ್ರು ಬರೋಷ್ಟರಲ್ಲಿ ತೆಗೀಬೇಕು ಅಂತ ನಾನೇ ಮಗನಿಗೆ ಫೋನ್ ಮಾಡಿ ಕರೆಸ್ದೆ. ಇಂಜಿನ್ ಶುರು ಮಾಡ್ಲಿಲ್ಲ ಕಣ್ರೀ. ತಳ್ಳಿಕೊಂಡು ಬಂದ್ವಿ. ತಳ್ಳಿದ್ರೆ ಓಡಿಸಿದ ಹಾಗಲ್ಲವಂತೆ, ಪೂಜಾರಪ್ಪನ್ನ ಕೇಳಿದೆ. ಇಲ್ಲಿ ನಿಲ್ಲಿಸಿ ಒಳಗೆ ಹೋಗಿ ಬರೋಷ್ಟ್ರಲ್ಲಿ ಬೀಗ! ಹಬ್ಬದ ದಿನ! ನಿಮ್ಮಿಂದಲೇ ಆಗಿದ್ದು!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಿಮಗೆ ಪುಣ್ಯ ಬರ್ಲಿ ಅಕ್ಕ" ಎಂದೆ, ಮನಸಾರೆ. ಆಮೇಲೆ ಕಾನ್‌ಸ್ಟೇಬಲ್‌ ಕಡೆ ತಿರುಗಿದೆ. "ಸ್ವಾಮಿ, ತಿಂಗಳುಗಟ್ಟಲೆ ಇದೇ ಕಾರಿನ ಬಗ್ಗೆ ಹೇಳ್ತಾ ಇದೀನಲ್ಲ, ಅವಾಗ ಬೀಗ ಎಲ್ಲಿತ್ತು?"

"ಇದು ರೋಡಮ್ಮಾ. ಅಲ್ಲಿ ಒಳಗಿದ್ರೆ ನನ್ನ ಕಣ್ಣಿಗೆ ಕಾಣ್ಸೋದೇ ಇಲ್ಲ."

ಅಕ್ಕನ ಮಗನಿಗೆ ಆ ಮಾತು ಸರಿಯಾಗಿ ನಾಟಿತು. "ಕೇಳಿದ್ಯೇನಮ್ಮಾ?" ಎಂದ ತಾಯಿಗೆ. "ಒಳಗಿಟ್ರೆ ಯಾವನೂ ಕೇಳಲ್ಲ. ಹೊರಗೆ ತರಿಸಿದ್ದು ನೀನು."

ಆಟೊ ಬಾಗಿಲವರೆಗೆ ಬಂತು. ಇವರು ನೇರ ಇಳಿದು ಒಳಗೆ ಹೋದರು. ಎಷ್ಟು ಕಾಲವಾಗಿತ್ತು! ಆ ರಾತ್ರಿ ಮಚ್ಚನ್ನು ತೊಳೆದು ಮತ್ತೆ ಕುಂಕುಮವಿಟ್ಟು, ಕ್ಷಮಿಸು ಎಂದು ಕೈಮುಗಿದೆ.

ವಿಜಯದಶಮಿಯ ಬೆಳಿಗ್ಗೆ ಬನ್ನಿ ಕೊಡಲು ಹೋದರೆ, ದಂಡ ಕಟ್ಟಿ ಬಿಡಿಸಿಕೊಂಡ ಕಾರು ಮತ್ತೆ ಓಣಿಯ ಬಾಯಲ್ಲಿ ಇತ್ತು. ಬನ್ನಿ ಕೊಟ್ಟೆ, ಅಕ್ಕನೂ ತೆಗೆದುಕೊಂಡಳು. "ಇವರಿಗೆ ಮುಂದಿನ ಸಲ ಹೇಗೆ ಅಕ್ಕ?" ಎಂದೆ. "ಅವನು ಕೇಳ್ಬೇಕಲ್ಲ" ಎಂದಳು. ಒಂದು ದಿನ ತನ್ನ ಹೆದರಿಕೆಯನ್ನೇ ದಾಟಿ ಕಾರು ತಳ್ಳಿಸಿದವಳು ಅವಳು. ದಿನಾ ತಳ್ಳಿಸು ಎಂದು ಅವಳಿಗೆ ಹೇಗೆ ಹೇಳುವುದು? ಹೇಳಬೇಕಾದದ್ದು ಅವಳಲ್ಲ, ಕಾನೂನು. ಅದನ್ನು ಒಳಗೆ ಕರೆತರದೆ ಅದು ತಾನಾಗಿ ಬರುವುದಿಲ್ಲ.

ಯಜಮಾನರಿಗೆ ಹೇಳಿದೆ: "ನಾನು ವಕೀಲರ ಹತ್ತಿರ ಹೋಗ್ತೀನಿ. ಈ ಸಲ ತಡೀಬೇಡಿ." ಅವರು ತಮ್ಮ ಪಾದ ನೋಡಿಕೊಂಡರು.

ಕಾರು ದಾರಿಗೆ ಅಡ್ಡ ಇರುವ ಫೋಟೊ ಬೇಕೆಂದರು ವಕೀಲರು. ಫೋನ್ ಹಿಡಿದು ಓಣಿಯಲ್ಲಿ ನಿಂತಿದ್ದಾಗ ಅಕ್ಕ ಹೊರಗೆ ಬಂದಳು. "ಪೂಜೆ ಫೋಟೋ ತೆಗೀತಿದೀರಾ? ಇರಿ, ಹಾರ ಬಾಡಿಹೋಗಿದೆ" ಎಂದು ಕಾರಿನ ಹಾರ ಬಿಚ್ಚತೊಡಗಿದಳು.

ಮುಚ್ಚಿಡಲು ನನಗೆ ಬರುವುದಿಲ್ಲ. "ಕೋರ್ಟಿಗೆ ಅಕ್ಕ" ಎಂದೆ.

ಹಾರ ಕೈಯಲ್ಲೇ ಉಳಿಯಿತು. ನನ್ನನ್ನೂ ಕಾರನ್ನೂ ನೋಡಿದಳು. "ಓ. ಹಂಗಾದ್ರೆ ನಂಬರ್ ಪ್ಲೇಟ್ ಕಾಣೋ ಹಂಗೆ ತೆಗೀರಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಸ್ವಲ್ಪ ಬಗ್ಗಿ, ನಂಬರ್ ಪ್ಲೇಟೂ ಆ ಸಂದೂ ಎರಡೂ ಕಾಣುವಂತೆ ತೆಗೆದೆ.